ಸೋರುವ ಮನೆಗೆ ಬಾಡಿಗೆ ಕೇಳುವ ಮುನ್ನ

ತಿಂಗಳು ಹುಟ್ಟಿತೆಂದರೆ ಮೈಸೂರಿನ ವಠಾರಗಳಲ್ಲಿ ಒಂದೇ ಮಾತು: ‘ಗೃಹಲಕ್ಷ್ಮಿ ದುಡ್ಡು ಬಿತ್ತಾ?’ ಪಕ್ಕದ ಮನೆಯಾಕೆ ಕೇಳಿದರೆ ಅದು ಕುಶಲ ವಿಚಾರಣೆ. ಮೇಲಿನ ಮಹಡಿಯ ಓನರಮ್ಮ ಮೆಟ್ಟಿಲ ಮೇಲೆ ನಿಂತು ಕೇಳಿದರೆ ಅದು ಬಾಡಿಗೆ ವಸೂಲಿ.

ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿದ್ದೂ ಇದೇ ಊರಲ್ಲಿ, 2023ರ ಆಗಸ್ಟ್ 30ರಂದು, ಮಹಾರಾಜ ಕಾಲೇಜು ಮೈದಾನದಲ್ಲಿ. ಮನೆ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಆ ದುಡ್ಡು ಎಷ್ಟೋ ಹೆಂಗಸರಿಗೆ ಗಂಡನ ಮುಂದೆ, ಅಂಗಡಿಯವನ ಮುಂದೆ ತಲೆ ಎತ್ತಿ ನಿಲ್ಲುವ ಧೈರ್ಯ ಕೊಟ್ಟಿದೆ. ‘ಬಿಟ್ಟಿ ಭಾಗ್ಯ’ ಎಂದು ಮೂಗು ಮುರಿಯುವವರ ಜೊತೆ ನನಗೆ ಹಳೆಯ ಜಗಳವಿದೆ. ಇವತ್ತು ಅದು ಬೇಡ. ಇವತ್ತು ಕೇಳಬೇಕಾದದ್ದು ಇಷ್ಟೇ: ಆ ಎರಡು ಸಾವಿರ ಖಾತೆಗೆ ಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ?

ಸ್ವಂತ ಸೂರಿರುವ ಮನೆಯಲ್ಲಿ ಅದು ಮಗಳ ಫೀಸಾಗುತ್ತದೆ, ಚೀಟಿಯ ಕಂತಾಗುತ್ತದೆ, ಒಮ್ಮೊಮ್ಮೆ ಮಿಕ್ಸಿಯೂ ಆಗುತ್ತದೆ. ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಬಿದ್ದದ್ದು ಸಂಜೆಯೊಳಗೆ ಮಾಲೀಕರ ಪಾಲು. ಲೆಕ್ಕ ಹಾಕಿ ನೋಡಿ. ಗಂಡನನ್ನು ಕಳೆದುಕೊಂಡವಳಿಗೆ ವಿಧವಾ ವೇತನ 800 ರೂಪಾಯಿ. 2021ರ ಜುಲೈನಲ್ಲಿ 600ರಿಂದ ಅಷ್ಟಕ್ಕೆ ಏರಿತು. ಜೊತೆಗೆ ಗೃಹಲಕ್ಷ್ಮಿಯ 2,000. ಒಟ್ಟು 2,800. ಗಾಂಧಿನಗರ, ಕ್ಯಾತಮಾರನಹಳ್ಳಿ, ಕೆಸರೆ ಕಡೆ ಒಂದು ರೂಮು, ಒಂದು ಅಡುಗೆಮನೆ, ನಾಲ್ಕು ಮನೆಗೊಂದು ಬಚ್ಚಲು ಇರುವ ಶೀಟಿನ ಮನೆಗೆ ಇವತ್ತು ನಾಲ್ಕೈದು ಸಾವಿರ ಕೇಳುತ್ತಾರೆ. ವಯಸ್ಸಾದ ಅತ್ತೆ ಜೊತೆಗಿದ್ದು, ಆಕೆಗೆ ಸಂಧ್ಯಾ ಸುರಕ್ಷಾದ 1,200 ಬಂದರೆ, ಮೂರು ಯೋಜನೆ ಸೇರಿ ಒಂದು ಬಾಡಿಗೆ ಸರಿಹೋಗುತ್ತದೆ. ದುಡ್ಡು ಎರಡು ಮೂರು ತಿಂಗಳು ತಡೆದು ಒಟ್ಟಿಗೆ ಬಂದರೆ ಆ ಎರಡು ಮೂರು ತಿಂಗಳ ಬಡ್ಡಿ ಬೇರೆ. ಸರ್ಕಾರ ಕೊಟ್ಟದ್ದು ಬಡವಳ ಕೈಯಲ್ಲಿ ಒಂದು ರಾತ್ರಿಯೂ ತಂಗದೆ, ತೆರಿಗೆಯ ಬೊಕ್ಕಸದಿಂದ ನೇರವಾಗಿ ಮನೆ ಮಾಲೀಕರಿಗೆ ಸಂದಾಯವಾದಂತಾಗುತ್ತದೆ. ಆಗಲಿ, ಬಾಡಿಗೆ ಎಂದ ಮೇಲೆ ಕೊಡಬೇಕು. ಆದರೆ ಆ ಬಾಡಿಗೆಗೆ ಪ್ರತಿಯಾಗಿ ಅವಳಿಗೆ ಸಿಗುತ್ತಿರುವುದೇನು?

ಅಂಥ ಒಂದು ಮನೆಯನ್ನು ಹತ್ತಿರದಿಂದ ನೋಡಿದೆ. ಮುಂದೆ ಮಾಲೀಕರ ಎರಡಂತಸ್ತಿನ ಮನೆ, ಹಿಂದುಗಡೆ ಕಾಂಪೌಂಡಿಗೆ ಆತುಕೊಂಡಂತೆ ಸಾಲಾಗಿ ಮೂರು ರೂಮು. ಮೇಲೆ ಕಲ್ನಾರು ಶೀಟು. ಗೋಡೆ ಸೊಂಟದೆತ್ತರದವರೆಗೆ ಒಸರಿ ಗಾರೆ ಪದರ ಪದರವಾಗಿ ಕಿತ್ತುಬಂದಿದೆ; ಅದನ್ನು ಮುಚ್ಚಲು ಹಳೆಯ ಸೀರೆಯೊಂದನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದಾರೆ. ಅನ್ನಭಾಗ್ಯದ ಅಕ್ಕಿ ಮೂಟೆ ನೆಲದ ಮೇಲಿಲ್ಲ, ನಾಲ್ಕು ಇಟ್ಟಿಗೆಯ ಮೇಲಿದೆ. ನೆಲಕ್ಕಿಟ್ಟರೆ ಮುಗ್ಗಲು ಹಿಡಿಯುತ್ತದೆ. ರೇಷನ್ ಕಾರ್ಡು, ಆಧಾರ್, ಪಿಂಚಣಿ ಪಾಸ್‌ಬುಕ್ಕು ಮೂರೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಸೂರಿನ ಕೆಳಗೆ ನೀರು ತೊಟ್ಟಿಕ್ಕದ ಒಂದೇ ಮೂಲೆಯಲ್ಲಿ. ಶೀಟು ಬಿರುಕು ಬಿಟ್ಟಲ್ಲಿ ಒಳಗಿನಿಂದ ಕಟ್ಟಿದ್ದು ಯಾವುದೋ ನಾಯಕರ ಹುಟ್ಟುಹಬ್ಬದ ಫ್ಲೆಕ್ಸು. ಮಳೆ ಬಂದಾಗ ಅದರ ನಡುವೆ ನೀರು ನಿಂತು ಜೋತುಬೀಳುತ್ತದೆ, ಕೋಲಿನಿಂದ ತಿವಿದರೆ ಒಂದು ಬಕೆಟ್ ನೀರು ಇಳಿಯುತ್ತದೆ. ಹಗಲು ಹನ್ನೊಂದು ಗಂಟೆಗೂ ಬಲ್ಬು ಉರಿಯುತ್ತಿತ್ತು. ಕಿಟಕಿ ಇರಲಿಲ್ಲ.

‘ಓನರ್‌ಗೆ ಹೇಳ್ಬೇಕಲ್ವೇನಮ್ಮ’ ಎಂದೆ.

‘ಹೇಳುದ್ರೆ ಸುಣ್ಣ ಹೊಡ್ಕೊಳ್ಳಿ ಅಂತಾರೆ ಸಾರ್. ಜಾಸ್ತಿ ಹೇಳುದ್ರೆ ಖಾಲಿ ಮಾಡಿ ಅಂತಾರೆ. ಖಾಲಿ ಮಾಡ್ಬುಟ್ಟು ಎಲ್ಲಿಗ್ ಹೋಗಾದು?’

ಇಡೀ ವ್ಯವಹಾರ ನಿಂತಿರುವುದು ಈ ಕೊನೆಯ ಮಾತಿನ ಮೇಲೆ. ಹೋಗಲು ಜಾಗವಿಲ್ಲದವಳಿಗೆ ಸೋರುವ ಮನೆಯನ್ನೂ ಪೂರ್ತಿ ಬಾಡಿಗೆಗೆ ಕೊಡಬಹುದು ಎಂಬುದು ಮಾಲೀಕರಿಗೆ ಗೊತ್ತಿದೆ.

ಹಾಗೆಂದು ಮಾಲೀಕರೆಲ್ಲ ಸಿನಿಮಾದ ಸಾಹುಕಾರರಲ್ಲ. ಈ ಊರಲ್ಲಿ ಬಡವರಿಗೆ ಮನೆ ಬಾಡಿಗೆ ಕೊಡುವವರು ಬಹುಪಾಲು ನಮ್ಮಂಥವರೇ. ನಿವೃತ್ತ ಮೇಷ್ಟ್ರು, ಕಾರ್ಖಾನೆಯಲ್ಲಿ ವಿಆರ್‌ಎಸ್ ತೆಗೆದುಕೊಂಡವರು, ಸೈಟಿನ ಹಿಂಭಾಗದಲ್ಲಿ ಉಳಿದ ಜಾಗಕ್ಕೆ ಎರಡು ರೂಮು ಎಬ್ಬಿಸಿ ಮಗಳ ಮದುವೆ ಸಾಲ ತೀರಿಸಿದವರು. ಹೆಬ್ಬಾಳು, ಮೇಟಗಳ್ಳಿಯ ಕೈಗಾರಿಕೆಗಳ ಸುತ್ತ, ಕುಂಬಾರಕೊಪ್ಪಲು, ಪಡುವಾರಹಳ್ಳಿಯಂಥ ಹಳ್ಳಿಗಳು ಊರೊಳಗೆ ಸೇರಿದ ಕಡೆ, ಇಂಥ ಸಾಲು ಮನೆಗಳು ಹುಟ್ಟಿದ್ದು ಹಾಗೆ. ‘ಬಾಡಿಗೇನೇ ನಮ್ಮ ಪೆನ್ಷನ್’ ಎನ್ನುತ್ತಾರೆ ಅವರು. ಸುಳ್ಳಲ್ಲ. ಆದರೆ ನಿಮ್ಮ ಪೆನ್ಷನ್ನು ಇನ್ನೊಬ್ಬಳ ಪೆನ್ಷನ್ನಿನಿಂದ ಬರುತ್ತಿದೆ ಎನ್ನುವುದೂ ಅಷ್ಟೇ ನಿಜ. ದೇವರ ಕೋಣೆಗೆ ಗ್ರಾನೈಟ್ ಹಾಕಿಸುವಾಗ, ಹಿಂದುಗಡೆ ರೂಮಿನ ಒಂದು ಶೀಟು ಬದಲಾಯಿಸಲು ಆಗದಷ್ಟು ಕಷ್ಟ ಯಾರಿಗೂ ಇರುವುದಿಲ್ಲ. ಶೀಟು ಬದಲಾಗದಿರಲು ಕಾರಣ ಕಷ್ಟವಲ್ಲ, ಬದಲಾಯಿಸದಿದ್ದರೂ ಬಾಡಿಗೆ ಬರುತ್ತದೆ ಎಂಬ ಭರವಸೆ.

ಗೃಹಜ್ಯೋತಿಯ ಕಥೆ ಕೇಳಿ. 200 ಯೂನಿಟ್‌ವರೆಗಿನ ವಿದ್ಯುತ್ತು ಬಾಡಿಗೆದಾರರಿಗೂ ಉಚಿತ ಎಂದು ಸರ್ಕಾರ 2023ರಲ್ಲೇ ಸ್ಪಷ್ಟವಾಗಿ ಹೇಳಿತು. ಆದರೆ ಅದು ಸಿಗುವುದು ಮೀಟರಿನ ಆರ್‌ಆರ್ ನಂಬರಿಗೆ. ಹಿಂದುಗಡೆ ಮೂರು ರೂಮಿಗೂ ಸೇರಿ ಒಂದೇ ಮೀಟರು, ಅದೂ ಮಾಲೀಕರ ಹೆಸರಿನಲ್ಲಿ. ಅಗ್ರಿಮೆಂಟು ಕೇಳಿದರೆ ‘ಅದೆಲ್ಲ ಯಾಕಮ್ಮ, ನಂಬಿಕೆ ಇಲ್ವಾ’ ಎಂಬ ಉತ್ತರ. ಹಾಗಾಗಿ ಕೆಲವು ಕಡೆ ಒಳಗೊಂದು ಸಬ್‌ಮೀಟರು ಹಾಕಿ ಯೂನಿಟ್ಟಿಗೆ ಇಷ್ಟು ಎಂದು ವಸೂಲು ಮಾಡುತ್ತಾರೆ. ಕಿಟಕಿಯಿಲ್ಲದ ಮನೆಯಲ್ಲಿ ಹಗಲಿಗೂ ದೀಪ ಬೇಕು. ಬಿಸಿಲಿಗೆ ದುಡ್ಡು ಕೊಡುವ ಸ್ಥಿತಿ ಎಂದರೆ ಇದೇ.

ಇನ್ನೊಂದು, ಬೋರ್ಡಿನ ವಿಷಯ. ‘ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ.’ ಗಾಳಿ ಬೆಳಕು ಇರುವ, ನೀರು ಸರಿಯಾಗಿ ಬರುವ ಬಡಾವಣೆಗಳಲ್ಲಿ ಆ ಬೋರ್ಡು ಈಗಲೂ ರಾಜಾರೋಷವಾಗಿ ನೇತಾಡುತ್ತದೆ. ಅದು ಊಟದ ಮಾತಲ್ಲವೆಂದು ಬರೆದವರಿಗೂ ಗೊತ್ತು, ಓದಿದವರಿಗೂ ಗೊತ್ತು. ದಲಿತರಿಗೆ, ಮುಸ್ಲಿಮರಿಗೆ, ಗಂಡನಿಲ್ಲದ ಹೆಂಗಸಿಗೆ ಅರ್ಧ ಊರು ಹೀಗೆ ಮುಚ್ಚಿಕೊಂಡಾಗ, ಉಳಿದ ಅರ್ಧದಲ್ಲಿ ಎಂಥ ಗೂಡಿಗೂ ಬೆಲೆ ಬರುತ್ತದೆ. ಸೋರುವ ಮನೆಗೆ ಗಿರಾಕಿ ಹುಟ್ಟಿಸುವುದರಲ್ಲಿ ಆ ಬೋರ್ಡಿನ ಪಾಲೂ ಇದೆ. ಸ್ವತಃ ಒಬ್ಬ ಬಾಡಿಗೆದಾರರನ್ನೂ ಇಟ್ಟುಕೊಳ್ಳದವರು ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ.

ಈ ಊರಿಗೆ ಗಾಳಿ ಬೆಳಕಿನ ಪಾಠ ಹೊಸದಲ್ಲ ಎಂಬುದೇ ನನ್ನನ್ನು ಹೆಚ್ಚು ಕೆರಳಿಸುವುದು. 1898ರ ಪ್ಲೇಗು ಮೈಸೂರಿಗೂ ಬಂದು ಇಕ್ಕಟ್ಟು ಕೇರಿಗಳನ್ನು ಬರಿದು ಮಾಡಿದ ಮೇಲೆ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಗೋಡೆಗೂ ಗೋಡೆಗೂ ನಡುವೆ ಜಾಗ. ಇವೆಲ್ಲ ಆಗಿನವರು ಅಂದಕ್ಕೆ ಮಾಡಿದ್ದಲ್ಲ, ಸಾವು ನೋಡಿ ಮಾಡಿದ್ದು. ಮುಂದೆ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ಬಲಿಯಾದರು. ಅವರ ನೆನಪಿನಲ್ಲಿ ಎದ್ದ ಪಿಕೆಟಿಬಿ ಸ್ಯಾನಟೋರಿಯಂ ಇವತ್ತಿಗೂ ಊರಿನಲ್ಲಿದೆ. ಔಷಧಿ ಇಲ್ಲದ ಆ ಕಾಲದಲ್ಲಿ ಸ್ಯಾನಟೋರಿಯಂ ಕೊಡುತ್ತಿದ್ದ ಚಿಕಿತ್ಸೆ ಎಂದರೆ ಬಿಸಿಲು, ಗಾಳಿ, ವಿಶ್ರಾಂತಿ, ಊಟ. ಈಗ ಔಷಧಿ ಉಚಿತ. ಕ್ಷಯರೋಗಿಗಳ ಊಟಕ್ಕೆಂದು ಕೇಂದ್ರ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಕೊಡುವ ಮೊತ್ತವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಿದೆ. ಕಿಟಕಿಯಿಲ್ಲದ ಒಂದೇ ರೂಮಿನಲ್ಲಿ ಐವರು ಮಲಗುವ ಕಡೆ ಆ ಸಾವಿರದ ಮೊಟ್ಟೆ, ಹಾಲು ರೋಗಿಯನ್ನು ಬದುಕಿಸಬಹುದು. ಪಕ್ಕದಲ್ಲಿ ಮಲಗಿದ ಮಗುವಿನ ಕಥೆಯೇನು? ರಾಜಕುಮಾರಿಯ ಸಾವಿನಿಂದ ಊರು ಕಲಿತದ್ದು ಹಿಂದುಗಡೆ ರೂಮಿನವರೆಗೆ ಬರಲೇ ಇಲ್ಲ.

ಆ ಹಿಂದುಗಡೆ ರೂಮಿನಲ್ಲೇ ಊರಿನ ಕೀರ್ತಿಯೂ ತಯಾರಾಗುತ್ತದೆ. 2005ರಲ್ಲಿ ಭೌಗೋಳಿಕ ಸೂಚಕ ಪಡೆದ ಮೈಸೂರು ಅಗರಬತ್ತಿಯನ್ನು ಮನೆಯಲ್ಲೇ ಕೂತು ಹೊಸೆಯುವ ಹೆಂಗಸರು ಎಷ್ಟೋ ಮಂದಿ. ಒದ್ದೆ ಮನೆಯಲ್ಲಿ ಕಡ್ಡಿ ಒಣಗದು, ತಾರಸಿ ಮೇಲೆ ಹರಡಲು ಓನರ್ ಬಿಡರು. ಒಣಗದ ಕಡ್ಡಿಗೆ ಕೂಲಿಯಿಲ್ಲ. ದೇಶದ ಅತ್ಯಂತ ಸ್ವಚ್ಛ ನಗರ ಎಂದು 2015ರಲ್ಲಿ, ಮತ್ತೆ 2016ರಲ್ಲಿ ಹೆಸರು ತಂದುಕೊಟ್ಟ ಪೌರಕಾರ್ಮಿಕರಲ್ಲಿ ಬಾಡಿಗೆ ಗೂಡುಗಳಲ್ಲಿ ಇರುವವರಿದ್ದಾರೆ. ಅರಮನೆಗೆ ಬಲ್ಬು ಹಾಕಿದಾಗ ನಾವು ನೋಡುವ ಮೈಸೂರನ್ನು ಗುಡಿಸುವವರು, ಹೊಸೆಯುವವರು, ಪಾತ್ರೆ ತೊಳೆಯುವವರು ಇವರೇ.

ಕಟ್ಟಡ ಕುಸಿದರೆ ಈ ಊರು ಕಣ್ಣೀರಿಡುತ್ತದೆ, ಅದೂ ಗೊತ್ತಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಬಾಗಿಲು ಕುಸಿಯಿತು. ಪಾರಂಪರಿಕ ಕಟ್ಟಡ ಉಳಿಸುವುದೋ ಕೆಡವುವುದೋ ಎಂದು ಸಭೆ, ಸಮಿತಿ, ಕೋರ್ಟು ಎಲ್ಲ ನಡೆಯಿತು. ನಡೆಯಬೇಕಾದದ್ದೇ. ಆದರೆ ಅಗ್ರಹಾರದ ಓಣಿಗಳಲ್ಲಿ, ಮಂಡಿ ಮೊಹಲ್ಲಾದಲ್ಲಿ, ಹಳೆಯ ಮಣ್ಣಿನ ಗೋಡೆಯ ವಠಾರದ ಒಳಕೋಣೆಯಲ್ಲಿ ಮನುಷ್ಯರಿದ್ದಾರೆ ಎಂದು ಯಾವ ಸಮಿತಿ ನೆನೆಯಿತು?

2024ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ಬದಲಿ ನಿವೇಶನದ ಗದ್ದಲ ರಾಜ್ಯವನ್ನೇ ಆವರಿಸಿತು. ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ವಿರೋಧ ಪಕ್ಷಗಳ ಪಾದಯಾತ್ರೆ ಬಂತು, ಅದಕ್ಕೆದುರಾಗಿ ಇಲ್ಲೇ ಆಡಳಿತ ಪಕ್ಷದ ಸಮಾವೇಶವೂ ಆಯಿತು. ಭೂಮಿ ಕೊಟ್ಟವರಿಗೆ ಅಭಿವೃದ್ಧಿಯಾದ ಜಾಗದಲ್ಲಿ ಅರ್ಧ ಪಾಲು ಎಂಬ 50:50ರ ಲೆಕ್ಕ ಆಟೋದವರ ಬಾಯಲ್ಲೂ ಆಡಿತು. ಯಾರಿಗೆ ಎಷ್ಟು ನಿವೇಶನ ಹೋಯಿತು ಎಂಬುದನ್ನು ಕೇಳಿದವರಲ್ಲಿ ಒಬ್ಬರಾದರೂ, ನಿವೇಶನದ ಆಸೆಯನ್ನೇ ಬಿಟ್ಟವರು ಎಂಥ ಮನೆಯಲ್ಲಿದ್ದಾರೆ ಎಂದು ಕೇಳಿದ್ದು ನನ್ನ ಕಿವಿಗಂತೂ ಬೀಳಲಿಲ್ಲ. ಬಡವರಿಗೆ ಮನೆ ಎಂದರೆ ನಮ್ಮ ರಾಜಕಾರಣಕ್ಕೆ ಗೊತ್ತಿರುವುದು ಒಂದೇ: ಹಕ್ಕುಪತ್ರ ಹಿಡಿದ ಫೋಟೋ. ಆ ಫೋಟೋ ಬರುವವರೆಗಿನ ಹತ್ತಿಪ್ಪತ್ತು ವರ್ಷ ಅವರು ಎಲ್ಲಿರಬೇಕು?

ಇದೇ ಜಿಲ್ಲೆಯ ಹುಣಸೂರಿನಿಂದ ಬಂದ ಮುಖ್ಯಮಂತ್ರಿ ದೇವರಾಜ ಅರಸರು ಗೇಣಿದಾರನ ವಿಷಯದಲ್ಲಿ ಇಂಥದ್ದೇ ಪ್ರಶ್ನೆಯನ್ನು ಕೇಳಿದ್ದರು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ನಮೂನೆ ಏಳು ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತವರು ಭೂಮಿಯ ಒಡೆಯರಾದರು. ಅವರ ಮಕ್ಕಳು, ಮೊಮ್ಮಕ್ಕಳು, ಮತ್ತೆ ಏನೂ ಸಿಗದವರ ಮಕ್ಕಳು, ಈಗ ಊರಿಗೆ ಬಂದು ಬಾಡಿಗೆದಾರರಾಗಿದ್ದಾರೆ. ಬಾಡಿಗೆದಾರರನ್ನು ಮನೆಯ ಒಡೆಯರನ್ನಾಗಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಹೊಲ ಬೇರೆ, ಮನೆ ಬೇರೆ. ಗೇಣಿದಾರನ ಪರವಾಗಿ ಒಂದು ಸರ್ಕಾರ ಮಾಲೀಕರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿತ್ತು, ಆ ಎದೆಗಾರಿಕೆಯ ನೂರಕ್ಕೆ ಒಂದು ಪಾಲು ಸಾಕು ಎನ್ನುತ್ತಿದ್ದೇನೆ.

ಯಾಕೆಂದರೆ ಈಗಿನ ಕಾನೂನು ಬಡ ಬಾಡಿಗೆದಾರಳನ್ನು ಬಾಗಿಲಲ್ಲೇ ಬಿಟ್ಟಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ಹೊರಗಿಟ್ಟಿತು. ಆಗ ಅದು ಸಿರಿವಂತರ ಬಾಡಿಗೆ. ಇವತ್ತು ಶೀಟಿನ ಮನೆಯೂ ಆ ಗೆರೆ ದಾಟಿದೆ. ಬಡವರಿಗೆಂದು ಹಾಕಿದ ಬೇಲಿಯೊಳಗೆ ಬಡವರೇ ಇಲ್ಲ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು, ಕಟ್ಟಡದ ದುರಸ್ತಿ, ಸುಣ್ಣಬಣ್ಣ ಮಾಲೀಕರ ಹೊಣೆ ಎಂದೆಲ್ಲ ಇದೆ. ಅದರಲ್ಲಿ ಮಾಲೀಕರಿಗೆ ಅನುಕೂಲವಾದದ್ದೂ ಸಾಕಷ್ಟಿದೆ, ಎಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಈ ಎರಡು ಮಾತನ್ನಾದರೂ ರಾಜ್ಯ ತನ್ನ ಕಾನೂನಿನಲ್ಲಿ ಬರೆದುಕೊಳ್ಳಲಿ.

ಸೂರು ಎಂದರೆ ತಲೆಯ ಮೇಲೊಂದು ಮಾಡು ಮಾತ್ರವಲ್ಲ. ಭದ್ರವಾದ ಕಟ್ಟಡ, ಬೆಳಕು, ಶುದ್ಧ ಗಾಳಿ, ನೀರು, ಶೌಚಾಲಯ ಎಲ್ಲ ಸೇರಿದ್ದು ಎಂದು ಚಮೇಲಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿ ದಶಕಗಳೇ ಕಳೆದವು. ಜೀವಿಸುವ ಹಕ್ಕಿನೊಳಗೆ ಅದನ್ನು ಸೇರಿಸಿತು. ಅಂದರೆ ಸೋರದ ಮನೆಯನ್ನು ಕೇಳುವುದು ಭಿಕ್ಷೆಯಲ್ಲ.

ಇಂಗ್ಲೆಂಡಿನಲ್ಲಿ ನಡೆದದ್ದನ್ನು ಓದಿದಾಗ ನನಗೆ ಕ್ಯಾತಮಾರನಹಳ್ಳಿಯೇ ಕಣ್ಣಮುಂದೆ ಬಂತು. ರಾಚ್‌ಡೇಲ್ ಎಂಬ ಊರಿನ ಒಂದು ಬಾಡಿಗೆ ಫ್ಲಾಟಿನಲ್ಲಿ ಗೋಡೆಗೆ ಬೂಷ್ಟು ಹಿಡಿದಿತ್ತು. ಅಲ್ಲಿದ್ದ ಅವಾಬ್ ಎಂಬ ಮಗುವಿನ ತಂದೆ ವರ್ಷಗಟ್ಟಲೆ ದೂರು ಕೊಟ್ಟರು. ಮನೆಯ ಮಾಲೀಕ ಸಂಸ್ಥೆಯವರು ಬಣ್ಣ ಬಳಿದುಕೊಳ್ಳಿ ಎಂದರು. 2020ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಆ ಮಗು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಬೂಷ್ಟೇ ಕಾರಣವೆಂದು 2022ರ ವಿಚಾರಣೆಯಲ್ಲಿ ಹೊರಬಿತ್ತು. ಮರುವರ್ಷ ಮಗುವಿನ ಹೆಸರಿನಲ್ಲೇ ‘ಅವಾಬ್ ಕಾನೂನು’ ಬಂತು: ಸಾಮಾಜಿಕ ವಸತಿಯ ಮಾಲೀಕರು ಇಂಥ ದೂರನ್ನು ಗೊತ್ತಾದ ಅವಧಿಯೊಳಗೆ ಸರಿಪಡಿಸಲೇಬೇಕು. ಅಲ್ಲಿ ಬಣ್ಣ, ಇಲ್ಲಿ ಸುಣ್ಣ. ಅಲ್ಲಿ ಒಂದು ಮಗುವಿನ ಸಾವಿಗೆ ಕಾನೂನು ಹುಟ್ಟಿತು. ನಮ್ಮಲ್ಲಿ ಕೆಮ್ಮುವ ಮಕ್ಕಳ ಆಸ್ಪತ್ರೆ ಚೀಟಿಯ ಮೇಲೆ ಗೋಡೆಯ ವಿಷಯವನ್ನು ಯಾರೂ ಬರೆಯುವುದಿಲ್ಲ.

ಹಾಗಾದರೆ ಏನು ಮಾಡೋಣ?

ಪಾಲಿಕೆಯವರೇ, ನಿಮ್ಮ ಕೈಯಲ್ಲಿ ಅಧಿಕಾರವಿಲ್ಲ ಎನ್ನಬೇಡಿ. ಅಪಾಯದ ಸ್ಥಿತಿಯಲ್ಲಿರುವ ಕಟ್ಟಡವನ್ನು ದುರಸ್ತಿ ಮಾಡಿಸುವಂತೆ ಮಾಲೀಕರಿಗೆ ನೋಟಿಸು ಕೊಡಲು 1976ರ ಪೌರ ನಿಗಮಗಳ ಕಾಯ್ದೆ ಆಯುಕ್ತರಿಗೆ ದಾರಿ ಮಾಡಿಕೊಟ್ಟಿದೆ. ಕಂದಾಯ ವಸೂಲಿಗೆ ಮನೆಮನೆಗೂ ಹೋಗುವ ನಿಮ್ಮ ಸಿಬ್ಬಂದಿಗೆ ಹಿಂದುಗಡೆ ಎಷ್ಟು ರೂಮುಗಳಿವೆ ಎಂಬುದು ಬಾಯಿಪಾಠ. ಚುನಾಯಿತ ಕೌನ್ಸಿಲಿನ ಅವಧಿ 2023ರ ನವೆಂಬರ್‌ನಲ್ಲೇ ಮುಗಿದು ಆಡಳಿತಾಧಿಕಾರಿ ಬಂದಾಗ, ಬಾಗಿಲು ತಟ್ಟಲು ಜನಕ್ಕೆ ಒಬ್ಬ ಕಾರ್ಪೊರೇಟರೂ ಇಲ್ಲದಾಯಿತು. ಹಾಗಿರುವಾಗ ಹೊಣೆ ಅಧಿಕಾರಿಗಳ ಮೇಲೆ ಇಮ್ಮಡಿ. ಮಳೆಗಾಲಕ್ಕೆ ಮುಂಚೆ ಮೋರಿ ಹೂಳೆತ್ತುವ ಹಾಗೆ, ಬಾಡಿಗೆ ಸಾಲುಗಳನ್ನೂ ಒಮ್ಮೆ ನೋಡಿ ಬನ್ನಿ. ಒಂದೇ ಎಚ್ಚರಿಕೆ: ನೋಟಿಸಿನ ನೆಪದಲ್ಲಿ ಬಾಡಿಗೆದಾರರನ್ನು ಬೀದಿಗೆ ಹಾಕುವಂತಾಗಬಾರದು.

ಸರ್ಕಾರದವರೇ, ಗೃಹಲಕ್ಷ್ಮಿಯ ಲೆಕ್ಕ ಹೇಳುವಾಗ ಬಾಡಿಗೆಯ ಲೆಕ್ಕವನ್ನೂ ಹೇಳಿ. 2024ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೆಯ ಹಂತದಲ್ಲಿ ಕೈಗೆಟಕುವ ಬಾಡಿಗೆ ವಸತಿಗೇ ಒಂದು ವಿಭಾಗವಿದೆ. ಕೇಂದ್ರ ಯಾರದು, ರಾಜ್ಯ ಯಾರದು ಎಂಬ ಕಚ್ಚಾಟ ಬಿಟ್ಟು, ಅಗರಬತ್ತಿ ಹೊಸೆಯುವವರಿಗೆ, ಒಂಟಿ ಹೆಂಗಸರಿಗೆ, ಪೌರಕಾರ್ಮಿಕರಿಗೆ ಮೈಸೂರಿನಲ್ಲಿ ಸರ್ಕಾರದ್ದೇ ಬಾಡಿಗೆ ಮನೆಗಳನ್ನು ಕಟ್ಟಿ. ಊರಾಚೆ ಬಸ್ಸಿಲ್ಲದ ಕಡೆ ಬೇಡ, ಅವರು ದುಡಿಯುವ ಕಡೆ.

ಬಾಡಿಗೆಯಲ್ಲಿರುವ ಅಕ್ಕಂದಿರೇ, ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟರೂ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ದಾರಿಯಿದೆ. ಒಬ್ಬರೇ ಹೋದರೆ ‘ಖಾಲಿ ಮಾಡಿ’ ಎನ್ನುತ್ತಾರೆ. ಸಾಲಿನ ಮೂರೂ ಮನೆಯವರು ಸೇರಿ ಹೋಗಿ, ವಕೀಲರನ್ನು ಕೇಳಿಕೊಂಡು ಹೋಗಿ.

ಇನ್ನು ಮನೆ ಮಾಲೀಕರೇ, ಈ ಕರೆ ಮುಖ್ಯವಾಗಿ ನಿಮಗೆ. ಕಾನೂನು ಬರಲಿ ಎಂದು ಕಾಯಬೇಡಿ. ಕಾಗದದ ಮೇಲೆ ಒಂದು ಅಗ್ರಿಮೆಂಟು ಬರೆದುಕೊಡಿ, ಬಾಡಿಗೆಗೆ ರಸೀದಿ ಕೊಡಿ, ರೂಮಿಗೊಂದು ಮೀಟರಿಗಾಗಿ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ. ಗೇಟಿನ ಬೋರ್ಡಿನಲ್ಲಿ ‘ಮಾತ್ರ’ ಎಂಬುದಿದ್ದರೆ ಅಳಿಸಿ. ಈ ತಿಂಗಳ ಬಾಡಿಗೆಯನ್ನು ಮೆಟ್ಟಿಲ ಮೇಲೆ ನಿಂತು ಕೇಳಬೇಡಿ, ಕೆಳಗಿಳಿದು ಆ ಮನೆಯೊಳಗೆ ಹೋಗಿ, ದೀಪ ಆರಿಸಿ ಐದು ನಿಮಿಷ ಕೂತು ಬನ್ನಿ. ಗೋಡೆ ಮುಟ್ಟಿ ನೋಡಿ. ಮಳೆ ಶುರುವಾಗುವ ಮುನ್ನ ಶೀಟು ಬದಲಾಯಿಸಿ, ಒಂದು ಕಿಟಕಿ ಒಡೆಸಿ. ಹಾಗೆ ಮಾಡಿಸಿದ ಮೇಲೆ, ದಯವಿಟ್ಟು, ಅದನ್ನೇ ನೆಪ ಮಾಡಿಕೊಂಡು ಬಾಡಿಗೆ ಏರಿಸಬೇಡಿ.